ಶ್ರಾವಕಧರ್ಮ: ಕನ್ನಡ ನಾಡಿನ ಜೈನ ಗೃಹಸ್ಥರ ಬದುಕು

ಶ್ರಾವಕ ಎಂದರೆ ಕೇಳುವವನು. ಮುನಿಗಳಿಂದ ಧರ್ಮವನ್ನು ಕೇಳಿ, ಸಂಸಾರ ಬಿಡದೆ, ಹೊಲ ಗದ್ದೆ ವ್ಯಾಪಾರಗಳ ನಡುವೆಯೇ ಅದನ್ನು ಪಾಲಿಸುವ ಜೈನ ಗೃಹಸ್ಥನಿಗೆ ಈ ಹೆಸರು, ಹೆಂಗಸಾದರೆ ಶ್ರಾವಕಿ. ಕರ್ನಾಟಕದ ಜೈನ ಇತಿಹಾಸವನ್ನು ಬೆಟ್ಟದ ಮೇಲಿನ ಗೊಮ್ಮಟ, ಊರ ನಡುವಿನ ಬಸದಿ, ಆದಿಕವಿ ಪಂಪ ಇಷ್ಟರಲ್ಲಿ ಹೇಳಿ ಮುಗಿಸುವುದು ರೂಢಿ. ಆ ಕಲ್ಲನ್ನೂ ಆ ಕಾವ್ಯವನ್ನೂ ಸಾಕಿದ್ದು ಶ್ರಾವಕರ ಮನೆಗಳು. ಜಗತ್ತಿನ ಬಗೆಗಿನ ಒಂದು ನಂಬಿಕೆ ಅಡುಗೆಮನೆಗೆ, ರಣರಂಗಕ್ಕೆ, ಸಾವಿನ ಹಾಸಿಗೆಗೆ ಹೇಗೆ ಇಳಿದುಬಂತು ಎಂಬುದನ್ನು ಆ ಮನೆಗಳಲ್ಲೇ ಹುಡುಕಬೇಕು.

ಜೈನರ ಕಣ್ಣಿಗೆ ಲೋಕ ಜೀವಗಳಿಂದ ಕಿಕ್ಕಿರಿದದ್ದು. ಮನುಷ್ಯ, ಆನೆ, ಇರುವೆ ಮಾತ್ರವಲ್ಲ; ಮಣ್ಣು, ನೀರು, ಬೆಂಕಿ, ಗಾಳಿ, ಗಿಡಗಳೂ ಸ್ಪರ್ಶವೊಂದನ್ನೇ ಬಲ್ಲ ಏಕೇಂದ್ರಿಯ ಜೀವಗಳು. ಯಾವ ಜೀವವನ್ನು ನೋಯಿಸಿದರೂ ನೋಯಿಸಿದವನ ಆತ್ಮಕ್ಕೆ ಕರ್ಮ ಅಂಟುತ್ತದೆ. ಅದನ್ನು ಮನ್ನಿಸಿಬಿಡುವ ಸೃಷ್ಟಿಕರ್ತ ಈ ಧರ್ಮದಲ್ಲಿಲ್ಲ, ತೊಳೆದುಕೊಳ್ಳಬೇಕಾದವನು ತಾನೇ. ಇಂಥ ಲೋಕದಲ್ಲಿ ಉಸಿರಾಡುವುದೂ ಎಚ್ಚರದ ಕೆಲಸ. ಮುನಿಯಾದವನು ಎಲ್ಲವನ್ನೂ ಬಿಟ್ಟು ನವಿಲುಗರಿಯ ಪಿಂಛ ಹಿಡಿದು ನಡೆದಾನು. ಮಕ್ಕಳನ್ನು ಸಾಕಬೇಕಾದವನು ಏನು ಮಾಡಬೇಕು? ಅವನಿಗಾಗಿ ಆಚಾರ್ಯರು ಮುನಿಯ ವ್ರತಗಳನ್ನೇ ಅವನ ಅಳತೆಗೆ ಕಿರಿದು ಮಾಡಿಕೊಟ್ಟರು. ಅಹಿಂಸೆ, ಸತ್ಯ, ಅಸ್ತೇಯ, ಬ್ರಹ್ಮಚರ್ಯ, ಅಪರಿಗ್ರಹಗಳು ಮುನಿಗೆ ಮಹಾವ್ರತ, ಗೃಹಸ್ಥನಿಗೆ ಅಣುವ್ರತ. ಇವಕ್ಕೆ ಮೂರು ಗುಣವ್ರತ, ನಾಲ್ಕು ಶಿಕ್ಷಾವ್ರತ ಕೂಡಿ ಹನ್ನೆರಡು. ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರ ಇದನ್ನು ತಿಳಿಸುವ ಹಳೆಯ ಕೈಪಿಡಿ; ಸುಮಾರು 150 ಶ್ಲೋಕಗಳ ಈ ಪುಟ್ಟ ಸಂಸ್ಕೃತ ಗ್ರಂಥವನ್ನು ದಿಗಂಬರ ಮನೆಗಳಲ್ಲಿ ಇಂದಿಗೂ ಓದುತ್ತಾರೆ.

ನಿಯಮಗಳು ಮೊದಲು ತಟ್ಟಿದ್ದು ಊಟದ ತಟ್ಟೆಯನ್ನು. ಮದ್ಯ, ಮಾಂಸಗಳ ಜೊತೆ ಜೇನುತುಪ್ಪವೂ ನಿಷಿದ್ಧವಾಯಿತು. ಒಳಗೆ ಹುಳು ತುಂಬಿರುವ ಅತ್ತಿ, ಆಲದಂಥ ಹಣ್ಣುಗಳು ಬೇಡವಾದವು. ಒಂದೇ ಗೆಡ್ಡೆಯಲ್ಲಿ ಅನಂತ ಜೀವಗಳು ಮನೆಮಾಡಿಕೊಂಡಿರುತ್ತವೆ ಎಂಬ ನಂಬಿಕೆಯಿಂದ ನೀರುಳ್ಳಿ, ಬೆಳ್ಳುಳ್ಳಿ, ಶುಂಠಿಗಳು ದೂರವಾದವು. ಮುಂದೆ ಕಡಲಾಚೆಯಿಂದ ಬಂದ ಆಲೂಗಡ್ಡೆಗೂ ಅದೇ ಲೆಕ್ಕ ಅನ್ವಯಿಸಿತು: ಶಾಸ್ತ್ರಕಾರರು ಕಂಡೇ ಇರದ ತರಕಾರಿಯ ಬಗ್ಗೆಯೂ ಮನೆಯ ಹೆಂಗಸರು ತೀರ್ಮಾನ ಮಾಡಬಲ್ಲವರಾಗಿದ್ದರು. ನೀರನ್ನು ಮಡಿಸಿದ ಬಟ್ಟೆಯಲ್ಲಿ ಸೋಸಿಯೇ ಕುಡಿಯಬೇಕು. ಅಷ್ಟಕ್ಕೇ ಮುಗಿಯಲಿಲ್ಲ, ಬಟ್ಟೆಯಲ್ಲಿ ಉಳಿದ ಕಣ್ಣಿಗೆ ಕಾಣದ ಜೀವಗಳನ್ನು, ನೀರು ಸೇದಿದ ಬಾವಿಗೇ ಮೆಲ್ಲನೆ ಮರಳಿಸಬೇಕು. ಸೋಸುವುದು ಆರೋಗ್ಯಕ್ಕಾಗಿ ಎಂದು ಈಗ ಹಲವರು ಸಮರ್ಥಿಸುವುದುಂಟು. ಆರೋಗ್ಯ ಅದರಿಂದ ದೊರೆತ ಲಾಭವಿರಬಹುದು, ಉದ್ದೇಶವಲ್ಲ. ಬಾವಿಗೆ ಮರಳುವ ಆ ಹನಿಗಳನ್ನು ನೋಡಿದರೆ, ಕಾಳಜಿ ಕುಡಿಯುವವನ ಹೊಟ್ಟೆಯದಲ್ಲ, ನೀರಿನಲ್ಲಿರುವವರದು ಎಂಬುದು ತಿಳಿಯುತ್ತದೆ.

ಇಷ್ಟು ಎಚ್ಚರದ ಧರ್ಮವನ್ನು ನಾಡಿನ ಸೇನಾಪತಿಗಳೂ ಪಾಲಿಸಿದರು ಎಂಬುದು ಕರ್ನಾಟಕದ ವಿಶೇಷ. ಗಂಗರ ಮಂತ್ರಿಯೂ ದಂಡನಾಯಕನೂ ಆಗಿದ್ದ ಚಾವುಂಡರಾಯನಿಗೆ ಸಮರಪರಶುರಾಮ ಎಂಬ ಬಿರುದಿತ್ತು. ಅವನೇ 978ರಲ್ಲಿ ತೀರ್ಥಂಕರರ ಕಥೆಗಳನ್ನು ಕನ್ನಡ ಗದ್ಯದಲ್ಲಿ ಬರೆದ. 981ರ ಸುಮಾರಿಗೆ ಶ್ರವಣಬೆಳಗೊಳದಲ್ಲಿ ಸುಮಾರು 58 ಅಡಿಯ ಬಾಹುಬಲಿಯನ್ನು ನಿಲ್ಲಿಸಿದ. ಗೆದ್ದ ರಾಜ್ಯವನ್ನು ಗೆದ್ದ ಗಳಿಗೆಯಲ್ಲೇ ಬಿಟ್ಟುಕೊಟ್ಟವನ ವಿಗ್ರಹವನ್ನು ಯುದ್ಧಗಳನ್ನು ಗೆದ್ದವನೊಬ್ಬ ಕಡೆಸಿದ್ದು ಆಕಸ್ಮಿಕವೆಂದು ತೋರುವುದಿಲ್ಲ. ಕತ್ತಿ ಹಿಡಿದವನಿಗೂ ಧರ್ಮದಲ್ಲಿ ಜಾಗವಿರಲೆಂದು ಹಿಂಸೆಯನ್ನು ನಾಲ್ಕಾಗಿ ವಿಂಗಡಿಸುವ ಕ್ರಮವೊಂದು ಬೆಳೆಯಿತು: ಬೇಕೆಂದೇ ಮಾಡುವ ಸಂಕಲ್ಪೀ ಹಿಂಸೆ, ಅಡುಗೆ ಮನೆಗೆಲಸದಲ್ಲಿ ಆಗುವ ಆರಂಭೀ, ಬೇಸಾಯ ಕಸುಬುಗಳಲ್ಲಿ ಆಗುವ ಉದ್ಯೋಗೀ, ತನ್ನನ್ನೂ ತನ್ನವರನ್ನೂ ಕಾಯುವಾಗ ಆಗುವ ವಿರೋಧೀ. ಗೃಹಸ್ಥನು ಮೊದಲನೆಯದನ್ನು ಪೂರ್ತಿಯಾಗಿ ಬಿಡಬೇಕು; ಉಳಿದವನ್ನು ಆದಷ್ಟು ಕಡಿಮೆ ಮಾಡಿಕೊಳ್ಳಬೇಕು.

ಸಂಕಲ್ಪಕ್ಕೆ ಎಷ್ಟು ತೂಕವಿತ್ತೆಂಬುದಕ್ಕೆ 1209ರಲ್ಲಿ ಜನ್ನ ಬರೆದ ಯಶೋಧರ ಚರಿತೆಗಿಂತ ಒಳ್ಳೆಯ ಸಾಕ್ಷಿ ಬೇಡ. ಬಲಿ ಕೊಡು ಎನ್ನುವ ತಾಯಿ, ಕೊಲ್ಲಲಾರೆ ಎನ್ನುವ ಮಗ, ರಾಜ ಯಶೋಧರ; ಕೊನೆಗೆ ಇಬ್ಬರೂ ಒಪ್ಪಿದ್ದು ಹಿಟ್ಟಿನ ಹುಂಜಕ್ಕೆ. ರಾಜ ಕತ್ತಿ ಬೀಸಿದಾಗ ಆ ಹಿಟ್ಟಿನ ಕೋಳಿ ಕೂಗಿಬಿಡುತ್ತದೆ. ಅದೊಂದು ಹೊಡೆತಕ್ಕಾಗಿ ತಾಯಿ ಮಗ ಇಬ್ಬರೂ ಪ್ರಾಣಿಗಳಾಗಿ ಜನ್ಮಜನ್ಮ ತೊಳಲುತ್ತಾರೆ. ಹಿಟ್ಟಿಗೆ ಜೀವವಿರಲಿಲ್ಲ, ಕೊಲ್ಲುವ ಮನಸ್ಸು ಇತ್ತು. ಜನ್ನ ವಾದಿರಾಜರ ಸಂಸ್ಕೃತ ಕಾವ್ಯವನ್ನು ಅನುಸರಿಸಿದ್ದಾನಾದರೂ, ಈ ಕಥೆ ಕನ್ನಡ ಓದುಗರ ಮನಸ್ಸಿನಲ್ಲಿ ಬೇರೂರಿದ್ದು ಅವನ ಕಂದಪದ್ಯಗಳಿಂದ.

ಹೆಂಗಸರ ಧರ್ಮಜೀವನದ ನಡುಗಂಬ ನೋಂಪಿ. ತಿಥಿ ಹಿಡಿದು ಉಪವಾಸವಿದ್ದು, ಕಥೆ ಕೇಳಿ, ಇಷ್ಟು ವರ್ಷವೆಂಬ ಗಡುವು ಮುಗಿದಾಗ ಉದ್ಯಾಪನೆ ಮಾಡಿ ದಾನ ಕೊಡುವುದು ಅದರ ಕ್ರಮ. ಅನ್ನ, ಔಷಧ, ಅಭಯ, ಶಾಸ್ತ್ರ ಎಂಬ ನಾಲ್ಕು ದಾನಗಳಲ್ಲಿ ಶಾಸ್ತ್ರದಾನ ಕನ್ನಡಕ್ಕೆ ಮಾಡಿದ ಉಪಕಾರ ದೊಡ್ಡದು. ಶ್ರಾವಕಿ ಅತ್ತಿಮಬ್ಬೆ ಕವಿ ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಓಲೆಗರಿಯಲ್ಲಿ ಬರೆಸಿ ಹಂಚಿದಳು. ರನ್ನನಿಂದ 993ರಲ್ಲಿ ಅಜಿತಪುರಾಣ ಬರೆಸಿದಳು. 1007ರಲ್ಲಿ ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿದಳು. ಅಚ್ಚುಕೂಟ ಬರುವುದಕ್ಕೆ ಶತಮಾನಗಳ ಮೊದಲು ಒಂದು ಕಾವ್ಯ ಸಾವಿರ ಪ್ರತಿಯಾದದ್ದು ಪುಣ್ಯದ ಆಸೆಯಿಂದ. ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಉಳಿದುಬಂದು 20ನೇ ಶತಮಾನದಲ್ಲಿ ಅಚ್ಚಾದ ಧವಲಾ ಎಂಬ ಜೈನ ಸಿದ್ಧಾಂತ ಗ್ರಂಥಗಳ ಓಲೆಗಳ ಹಿಂದೆಯೂ ಇದೇ ಶ್ರದ್ಧೆಯಿದೆ.

ಸಾವನ್ನೂ ಶ್ರಾವಕಧರ್ಮ ವ್ರತದೊಳಗೆ ತಂದಿತು. ತೀರಾ ಮುಪ್ಪು, ಗುಣವಾಗದ ರೋಗ, ದಾಟಲಾರದ ಕ್ಷಾಮದಂಥ ಸ್ಥಿತಿಯಲ್ಲಿ ಮಾತ್ರ, ಗುರುವಿನ ಅನುಮತಿಯಿಂದ, ರಾಗದ್ವೇಷಗಳನ್ನು ಕಳಚಿಕೊಳ್ಳುತ್ತ ಉಪವಾಸದಿಂದ ದೇಹವನ್ನು ಬಿಡುವ ಸಲ್ಲೇಖನವನ್ನು ಆಚಾರ್ಯರು ವಿಧಿಸಿದರು. ಅದನ್ನು ಆತ್ಮಹತ್ಯೆಯಿಂದ ಬೇರೆಯೆಂದೇ ಎಣಿಸಿದರು. ಶ್ರವಣಬೆಳಗೊಳದ 500ಕ್ಕೂ ಹೆಚ್ಚು ಶಾಸನಗಳಲ್ಲಿ ತೀರಾ ಹಳೆಯವು ಬಹುಪಾಲು ಹೀಗೆ ತೀರಿಕೊಂಡ ಮುನಿಗಳ, ಕಂತಿಯರೆಂಬ ಜೈನ ಸನ್ಯಾಸಿನಿಯರ ನೆನಪುಗಳು. ಗಂಗರ ಇಮ್ಮಡಿ ಮಾರಸಿಂಹ ಬಂಕಾಪುರದಲ್ಲಿ ಅಜಿತಸೇನರ ಸನ್ನಿಧಿಯಲ್ಲಿ, ರಾಷ್ಟ್ರಕೂಟ ವಂಶದ ಕೊನೆಯ ಇಂದ್ರ 982ರಲ್ಲಿ ಬೆಳಗೊಳದಲ್ಲಿ ಈ ವ್ರತ ಹಿಡಿದರು. ಇವರ ಕಾಲಕ್ಕೆ ಹೀಗೆ ತೀರಿಕೊಂಡವರ ನೆನಪಿಗೆ ನಿಲ್ಲಿಸುವ ನಿಸಿದಿಗಲ್ಲು ವೀರಗಲ್ಲಿನಷ್ಟೇ ಗೌರವದ ಗುರುತಾಗಿತ್ತು.

ಹೊಯ್ಸಳ ರಾಣಿ ಶಾಂತಲೆಯ ಮನೆಯೊಂದೇ ಆ ಕಾಲದ ಚಿತ್ರವನ್ನು ಕೊಡಬಲ್ಲದು. ತಾಯಿ ಮಾಚಿಕಬ್ಬೆ ಜೈನಳು, ತಂದೆ ಮಾರಸಿಂಗಯ್ಯ ಶೈವ, ಗಂಡ ವಿಷ್ಣುವರ್ಧನ ಶ್ರೀವೈಷ್ಣವದತ್ತ ಒಲಿದವನು. ಶಾಂತಲೆ ಜೈನಳಾಗಿಯೇ ಉಳಿದು 1123ರಲ್ಲಿ ಬೆಳಗೊಳದಲ್ಲಿ ಸವತಿಗಂಧವಾರಣ ಬಸದಿ ಕಟ್ಟಿಸಿದಳು. 1131ರಲ್ಲಿ ಅವಳು ಶಿವಗಂಗೆಯಲ್ಲಿ ತೀರಿಕೊಂಡ ಮೇಲೆ ತಾಯಿ ಬೆಳಗೊಳಕ್ಕೆ ಬಂದು ಸಲ್ಲೇಖನ ಕೈಗೊಂಡಳೆಂದು ಶಾಸನ ಹೇಳುತ್ತದೆ.

ಎಲ್ಲ ಕಡೆಯೂ ಇಂಥ ಸಹಬಾಳ್ವೆ ಇರಲಿಲ್ಲ. 12ನೇ ಶತಮಾನದಿಂದ ವೀರಶೈವ, ವೈಷ್ಣವ ಪಂಥಗಳ ಏಳಿಗೆಯೊಡನೆ ಬಸದಿಗಳು ಕೈಬದಲಾದವು, ರಾಜಾಶ್ರಯ ತಪ್ಪಿತು. 1368ರಲ್ಲಿ ಜೈನರು ತಮಗಾಗುತ್ತಿದ್ದ ಅನ್ಯಾಯವನ್ನು ವಿಜಯನಗರದ ಅರಸ ಬುಕ್ಕರಾಯನ ಮುಂದಿಟ್ಟರು. ಅರಸ ಜೈನರ ಕೈಯನ್ನು ಶ್ರೀವೈಷ್ಣವರ ಕೈಯಲ್ಲಿಟ್ಟು, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿದ. ಜೈನರ ಮನೆಗೊಂದು ಹಣದಂತೆ ಎತ್ತಿ ಬೆಳಗೊಳದ ದೇವರಿಗೆ 20 ಮಂದಿ ಕಾವಲಿನವರನ್ನು ಇಡುವ, ಮಿಕ್ಕದ್ದರಲ್ಲಿ ಬಸದಿಗಳಿಗೆ ಸುಣ್ಣ ಬಳಿಸುವ ಹೊಣೆಯನ್ನು ತಿರುಮಲೆಯ ಶ್ರೀವೈಷ್ಣವರು ಹೊತ್ತರು. ರಾಜಿಯೊಂದನ್ನು ಬರಿಯ ಮಾತಿಗೆ ಬಿಡದೆ ಕೆಲಸವಾಗಿ ಹಂಚಿದ ಈ ಶಾಸನ, ನಮ್ಮ ನಾಡಿನ ಅತ್ಯಂತ ವಿವೇಕದ ಬರಹಗಳಲ್ಲಿ ಒಂದು.

ಧರ್ಮ ನೆಲವನ್ನು ತಿದ್ದಿದಂತೆ ನೆಲವೂ ಧರ್ಮವನ್ನು ತಿದ್ದಿತು. ತುಳುನಾಡಿನ ಜೈನ ಮನೆತನಗಳು ತಾಯಿಯ ಕಡೆಯಿಂದ ಆಸ್ತಿ ಸಾಗುವ ಅಳಿಯಸಂತಾನ ಪದ್ಧತಿಯನ್ನು ಪಾಲಿಸಿದವು. ಧರ್ಮಸ್ಥಳದಲ್ಲಿ ಜೈನ ಹೆಗ್ಗಡೆಯವರ ಆಡಳಿತದಲ್ಲಿ ಮಂಜುನಾಥನಿಗೆ ಮಾಧ್ವ ಪುರೋಹಿತರ ಪೂಜೆ ನಡೆಯುತ್ತದೆ, ದೈವಗಳಿಗೂ ಸೇವೆ ಸಲ್ಲುತ್ತದೆ. ವರ ಕೊಡದ ತೀರ್ಥಂಕರರ ಪಕ್ಕದಲ್ಲಿ ವರ ಕೊಡುವ ಯಕ್ಷಿ ಬೇಕೆನಿಸಿದಾಗ ಹೊಂಬುಜದ ಪದ್ಮಾವತಿ ಪ್ರಸಿದ್ಧಳಾದಳು. ಜೈನರೆಂದರೆ ವ್ಯಾಪಾರಿಗಳೆಂಬ ಮಾತು ಬೆಳಗಾವಿ ಸೀಮೆಯಲ್ಲಿ ನಿಲ್ಲುವುದಿಲ್ಲ; ಅಲ್ಲಿನ ಚತುರ್ಥ ಜೈನರು ತಲೆಮಾರುಗಳಿಂದ ನೇಗಿಲು ಹಿಡಿದವರು, ಉಳುವಾಗ ಸಾಯುವ ಹುಳುಗಳ ಲೆಕ್ಕವನ್ನು ಚತುರ್ದಶಿಯ ಉಪವಾಸದಲ್ಲಿ ನೆನೆಯುವವರು.

2011ರ ಜನಗಣತಿಯಂತೆ ಕರ್ನಾಟಕದಲ್ಲಿ ಜೈನರು ಸುಮಾರು 4.4 ಲಕ್ಷ, ಜನಸಂಖ್ಯೆಯ ಶೇ. 1ಕ್ಕಿಂತ ಕಡಿಮೆ. 2015ರ ಆಗಸ್ಟ್‌ನಲ್ಲಿ ರಾಜಸ್ಥಾನ ಹೈಕೋರ್ಟ್ ಸಲ್ಲೇಖನವನ್ನು ಆತ್ಮಹತ್ಯೆಗೆ ಸಮವೆಂದಾಗ ಇಲ್ಲಿನ ಊರುಗಳಲ್ಲೂ ಕಳವಳ ಎದ್ದಿತು. ಅದೇ ತಿಂಗಳ ಕೊನೆಗೆ ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿತು. ದೊಡ್ಡ ವ್ರತಗಳ ವಾದ ಕೋರ್ಟಿನಲ್ಲಿದ್ದರೆ ಸಣ್ಣವು ಮನೆಗಳಲ್ಲಿವೆ. ದೀಪಕ್ಕೆ ಹುಳುಗಳು ಮುತ್ತಿ ಅನ್ನದಲ್ಲಿ ಬಿದ್ದಾವೆಂಬ ಭಯಕ್ಕೆ ಹೊತ್ತು ಮುಳುಗುವ ಮುಂಚೆ ಉಣ್ಣುವ ನಿಯಮ ಹುಟ್ಟಿತ್ತು. ವಿದ್ಯುದ್ದೀಪ ಬಂದು ಎಷ್ಟೋ ಕಾಲವಾದರೂ, ನಗರದ ಕಚೇರಿಗಳಲ್ಲಿ ಸಂಜೆ ಐದೂವರೆಗೆ ಡಬ್ಬಿ ಬಿಚ್ಚಿ ಊಟ ಮುಗಿಸುವವರು ಈಗಲೂ ಸಿಗುತ್ತಾರೆ.