ಯಲಹಂಕ ನಾಡಪ್ರಭುಗಳ ದಾಯ

ಬೆಂಗಳೂರಿನ ಪೂರ್ವಭಾಗದ ಜೋಗುಪಾಳ್ಯಕ್ಕೆ ಸಮೀಪದಲ್ಲಿಯೇ ಹಲಸೂರಿನ ಸೋಮೇಶ್ವರ ದೇವಾಲಯವಿದೆ. ಅದನ್ನು ಕುರಿತ ಐತಿಹ್ಯವೊಂದು ಜನಜನಿತವಾಗಿದೆ. ಯಲಹಂಕದ ಪ್ರಭು ಜಯಪ್ಪಗೌಡನು ಬೇಟೆಗೆಂದು ಬಂದು ಇಲ್ಲಿಯ ಮರವೊಂದರ ನೆಳಲಿನಲ್ಲಿ ಮಲಗಿದ್ದಾಗ ಸೋಮೇಶ್ವರನು ಕನಸಿನಲ್ಲಿ ಕಾಣಿಸಿಕೊಂಡು, ನೆಲದಲ್ಲಿ ಹುದುಗಿರುವ ಲಿಂಗವನ್ನು ಹೊರತೆಗೆದು ಗುಡಿ ಕಟ್ಟಿಸೆಂದು ಅಪ್ಪಣೆಯಿತ್ತನಂತೆ. ಅದಕ್ಕೆ ಬೇಕಾದ ನಿಧಿಯೂ ದೊರೆಯಿತಂತೆ. ಕಥೆಯ ಚಾರಿತ್ರಿಕತೆ ಹೇಗೇ ಇರಲಿ, ಅದರ ತಾತ್ಪರ್ಯ ವಿಚಾರಾರ್ಹವಾದುದು. ದೊರೆತ ನಿಧಿ ಪ್ರಭುವಿನ ಬೊಕ್ಕಸವನ್ನು ಸೇರಲಿಲ್ಲ, ಮಕ್ಕಳಿಗೆ ಪಾಲಾಗಲಿಲ್ಲ, ಊರಿನ ಗುಡಿಯಾಯಿತು. ಒಂದು ಮನೆತನ ಪಡೆದುದೇನು, ಕಳೆದುಕೊಂಡುದೇನು, ಉಳಿಸಿ ಹೋದುದೇನು ಎಂಬ ಪ್ರಶ್ನೆಗೆ ಯಲಹಂಕ ನಾಡಪ್ರಭುಗಳ ಚರಿತ್ರೆ ಉತ್ತಮ ನಿದರ್ಶನವಾಗಿದೆ.

ಈ ವಂಶದ ಮೂಲಪುರುಷ ರಣಭೈರೇಗೌಡನು ಕಂಚಿಯ ಕಡೆಯಿಂದ ಬಂದು ಆವತಿಯಲ್ಲಿ ನೆಲೆಸಿದನೆಂದು ಪ್ರತೀತಿ. ಅವನ ಸಂತತಿಯವರು ಬೇರೆ ಬೇರೆ ಊರುಗಳಲ್ಲಿ ನೆಲೆಯೂರಿದರು. ದೇವನಹಳ್ಳಿ, ಚಿಕ್ಕಬಳ್ಳಾಪುರಗಳ ಪಾಳೆಯಪಟ್ಟುಗಳು ಈ ಬಗೆಯಲ್ಲಿ ಹುಟ್ಟಿದವು. ಯಲಹಂಕದ ಶಾಖೆಯಲ್ಲಿ ಜನಿಸಿದವನೇ 1537ರಲ್ಲಿ ಬೆಂಗಳೂರು ಪೇಟೆಗೆ ಅಸ್ತಿಭಾರ ಹಾಕಿದ ಹಿರಿಯ ಕೆಂಪೇಗೌಡನು.

ದಾಯವೆಂಬುದನ್ನು ಕುರಿತು ಕನ್ನಡ ನಾಡಿನಲ್ಲಿ ಶಾಸ್ತ್ರಚರ್ಚೆ ಬಹು ಹಿಂದೆಯೇ ನಡೆದಿತ್ತು. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ತನ್ನ ‘ಮಿತಾಕ್ಷರಾ’ದಲ್ಲಿ ಪಿತ್ರಾರ್ಜಿತ ಸ್ವತ್ತಿನಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕುಂಟೆಂದು ಪ್ರತಿಪಾದಿಸಿದನು. ಆದರೆ ಹೊಲ ಮನೆಗಳಂತೆ ಆಳ್ವಿಕೆಯನ್ನು ಪಾಲು ಮಾಡಲಾಗದು. ಆದುದರಿಂದ ಪಾಳೆಯಪಟ್ಟಿನ ಪಟ್ಟ ಸಾಮಾನ್ಯವಾಗಿ ಒಬ್ಬನಿಗೇ ಸಲ್ಲುತ್ತಿತ್ತು.

ಅದೇ ಕಾಲದಲ್ಲಿ ಜರ್ಮನಿಯ ಕೆಲವು ಪ್ರಭುಗಳು ಇದಕ್ಕೆ ವಿರುದ್ಧವಾದ ಮಾರ್ಗವನ್ನು ಹಿಡಿದಿದ್ದರು. ಹೆಸ್ಸೆ ನಾಡಿನ ಪ್ರಭು ಫಿಲಿಪ್ಪನು 1567ರಲ್ಲಿ ತೀರಿಕೊಂಡಾಗ ಅವನ ನಾಡು ನಾಲ್ವರು ಮಕ್ಕಳಿಗೆ ಹಂಚಿಹೋಯಿತು. ಹಿರಿಯನಿಗೆ ಕಾಸೆಲ್ ಸಹಿತ ಸುಮಾರು ಅರ್ಧಭಾಗ, ಎರಡನೆಯವನಿಗೆ ಮಾರ್ಬುರ್ಗ್ ಸಹಿತ ಕಾಲುಭಾಗ, ಉಳಿದಿಬ್ಬರಿಗೆ ತಲಾ ಎಂಟರಲ್ಲೊಂದು ಪಾಲು ದೊರೆತವು. 1604ರಲ್ಲಿ ಮಾರ್ಬುರ್ಗಿನ ಪ್ರಭು ನಿಸ್ಸಂತಾನನಾಗಿ ಗತಿಸಲು, ಆ ಪಾಲಿಗಾಗಿ ಕಾಸೆಲ್ ಮತ್ತು ಡಾರ್ಮ್‌ಸ್ಟಾಟ್ ಶಾಖೆಗಳ ದಾಯಾದಿಗಳು ಹೊಡೆದಾಡಿದರು. ಆ ಕಲಹ ಇತ್ಯರ್ಥವಾದುದು 1648ರಲ್ಲಿ. ತಂದೆ ಪ್ರೀತಿಯಿಂದ ಹಂಚಿದುದು ಮೊಮ್ಮಕ್ಕಳ ಕಾಲಕ್ಕೆ ಯುದ್ಧದ ಬೀಜವಾಯಿತು.

ಯಲಹಂಕದವರಿಗೆ ಒದಗಿದ ಕಷ್ಟ ಬೇರೆ ಬಗೆಯದು. ಅವರ ನೆಲ ಪೂರ್ಣವಾಗಿ ಅವರದಾಗಿರಲೇ ಇಲ್ಲ. ವಿಜಯನಗರದ ಅಚ್ಯುತರಾಯನು ಹಲಸೂರು, ಬೇಗೂರು, ವರ್ತೂರು, ಜಿಗಣಿ, ಕೆಂಗೇರಿ ಮೊದಲಾದ ಹೋಬಳಿಗಳನ್ನು ಕೆಂಪೇಗೌಡನಿಗೆ ವಹಿಸಿಕೊಟ್ಟನು. ಅವುಗಳ ವಾರ್ಷಿಕ ಉತ್ಪತ್ತಿ 30,000 ವರಹಗಳೆಂದು ಹೇಳಲಾಗಿದೆ. ಅನಂತರ ಅಪ್ಪಣೆಯಿಲ್ಲದೆ ನಾಣ್ಯ ಟಂಕಿಸಿದನೆಂಬ ಅಪರಾಧಕ್ಕಾಗಿ ಆತನು ಆನೆಗೊಂದಿಯಲ್ಲಿ ಐದು ವರ್ಷ ಸೆರೆಯಲ್ಲಿದ್ದನೆಂದೂ, ಸೀಮೆಯನ್ನು ಕಳೆದುಕೊಂಡು ಮರಳಿ ಪಡೆದನೆಂದೂ ಪರಂಪರೆ ತಿಳಿಸುತ್ತದೆ. ಅರಸನು ಕೊಟ್ಟುದನ್ನು ಅರಸನೇ ಕಸಿಯಬಲ್ಲನು. ತಂದೆಯಿಂದ ಮಗನಿಗೆ ಬಂದ ಪಟ್ಟವಾದರೂ ಪ್ರತಿ ತಲೆಮಾರಿನಲ್ಲಿಯೂ ಒಡೆಯನ ಅನುಗ್ರಹವನ್ನೇ ನೆಚ್ಚಿಕೊಂಡಿರಬೇಕಾಗಿತ್ತು.

1638ರಲ್ಲಿ ಬಿಜಾಪುರದ ಸೇನಾನಿ ರಣದುಲ್ಲಾಖಾನನು ಬೆಂಗಳೂರನ್ನು ವಶಪಡಿಸಿಕೊಂಡನು. ಕೆಂಪೇಗೌಡನ ಮನೆತನಕ್ಕೆ ಮಾಗಡಿಯ ಸೀಮೆ ಉಳಿಯಿತು. ಬೆಂಗಳೂರು ಷಹಾಜಿಗೆ ಜಹಗೀರಾಯಿತು. ಮುಂದೆ ಅದೂ ದಾಯಾದಿ ವ್ಯಾಜ್ಯದಿಂದ ಪಾರಾಗಲಿಲ್ಲ. 1664ರಲ್ಲಿ ಷಹಾಜಿ ತೀರಿಕೊಂಡ ಮೇಲೆ ಅವನ ದಕ್ಷಿಣದ ಜಹಗೀರು ಏಕೋಜಿಯ ಕೈಯಲ್ಲಿದ್ದಿತು. 1677ರಲ್ಲಿ ಶಿವಾಜಿಯು ದಂಡೆತ್ತಿ ಬಂದು ಪಿತ್ರಾರ್ಜಿತದಲ್ಲಿ ತನ್ನ ಪಾಲನ್ನು ಕೇಳಿದನು. 1687ರಲ್ಲಿ ಮೊಗಲರ ಸೇನಾನಿ ಕಾಸಿಂಖಾನನು ಬೆಂಗಳೂರನ್ನು ಹಿಡಿಯಲು, ಮೂರು ಲಕ್ಷ ರೂಪಾಯಿಗಳ ಒಪ್ಪಂದದ ಮೇಲೆ ಅದು ಮೈಸೂರಿನ ಚಿಕ್ಕದೇವರಾಜ ಒಡೆಯರಿಗೆ ಸೇರಿತು. 1728ರಲ್ಲಿ ಮೈಸೂರಿನ ಸೈನ್ಯ ಮಾಗಡಿಯನ್ನೂ ಗೆದ್ದಿತು. ಕಡೆಯ ಪ್ರಭು ಕೆಂಪವೀರಗೌಡನು ಶ್ರೀರಂಗಪಟ್ಟಣದ ಸೆರೆಯಲ್ಲಿ ಕಾಲವಾದನು. ಅಲ್ಲಿಗೆ ವಂಶದ ಆಳ್ವಿಕೆ ಮುಗಿಯಿತು.

ನೆಲ ಹೋಯಿತು, ಪಟ್ಟ ಹೋಯಿತು. ಹಾಗಾದರೆ ಆ ಪ್ರಭುಗಳ ದಾಯವಾವುದು? ಹಲಸೂರು ಕೆರೆಯ ಬಳಿಯ ಬಂಡೆಯ ಮೇಲೆ ಅವರ ಕಾಲದ ಕಾವಲುಗೋಪುರ ಇಂದಿಗೂ ನಿಂತಿದೆ. ಕೆಂಪಾಂಬುಧಿ ಕೆರೆ ಅವರ ಹೆಸರನ್ನು ಹೊತ್ತಿದೆ. ಧರ್ಮಾಂಬುಧಿ ಬತ್ತಿ ಬಸ್ ನಿಲ್ದಾಣವಾದರೂ ನಿಲ್ದಾಣಕ್ಕೆ ಕೆಂಪೇಗೌಡನ ಹೆಸರೇ ಉಳಿದಿದೆ. ಪೇಟೆಯ ಬೀದಿಗಳಲ್ಲಿ ವ್ಯಾಪಾರ ನಿಂತಿಲ್ಲ. ಇವಾವುವೂ ಅವರ ಮಕ್ಕಳಿಗೆ ಪಾಲಾಗಿ ಬಂದವಲ್ಲ. ನೀರು ಕುಡಿದವರಿಗೆ, ದೀಪ ಹಚ್ಚಿದವರಿಗೆ, ಅಂಗಡಿ ತೆರೆದವರಿಗೆ ಸಂದವು. 1809ರ ವೇಳೆಗೆ ಹಲಸೂರಿನ ಮಗ್ಗುಲಲ್ಲಿ ಇಂಗ್ಲಿಷರ ದಂಡು ಬೀಡುಬಿಟ್ಟಿತು. ಅದರೊಡನೆ ಬಂದು ನೆಲೆಸಿದ ಹೊಸ ಜನರೂ ಇದರ ಹಕ್ಕುದಾರರಾದರು.

ಧನವು ಒಡೆಯನದಲ್ಲ, ಸಮಾಜಕ್ಕೆ ಸಲ್ಲಬೇಕಾದುದು ಎಂಬುದು ಶರಣರ ದಾಸೋಹತತ್ತ್ವದ ತಿರುಳು. ನಾಡಪ್ರಭುಗಳ ಚರಿತ್ರೆಯನ್ನು ಆ ತತ್ತ್ವದ ಬೆಳಕಿನಲ್ಲಿ ನೋಡಿದಾಗ ಒಂದು ಮಾತು ಸ್ಪಷ್ಟವಾಗುತ್ತದೆ. ಅವರು ತಮ್ಮದೆಂದು ಕಾಪಾಡಿಕೊಂಡ ಸೀಮೆ ಎರಡು ಶತಮಾನಗಳಲ್ಲಿ ಕೈಬಿಟ್ಟುಹೋಯಿತು; ಊರಿಗೆಂದು ಕೊಟ್ಟುದು ಐದನೆಯ ಶತಮಾನದಲ್ಲಿಯೂ ಉಳಿದಿದೆ. ಅದನ್ನು ಹೂಳದೆ, ಒತ್ತದೆ ಮುಂದಿನವರಿಗೆ ಒಪ್ಪಿಸುವ ಹೊಣೆ ಈಗ ಊರಿನದು.