ಸ್ವರಗಳ ಮೇಲೆ ಪಠ್ಯಸಹಿತ ಆವರಣ: ಗಣಕದಲ್ಲಿ ಅಳವಡಿಸುವ ಬಗೆ

ಪಾಶ್ಚಾತ್ಯ ಸ್ವರಲಿಪಿಯಲ್ಲಿ ಒಂದು ಸ್ವರಗುಚ್ಛವನ್ನು ಗುರುತಿಸಲು ಅದರ ಮೇಲೆ ಎಳೆಯುವ, ಎರಡೂ ತುದಿಗಳು ಕೆಳಕ್ಕೆ ಬಾಗಿದ ಅಡ್ಡಗೆರೆಗೆ ಆವರಣವೆನ್ನುತ್ತಾರೆ. 15 ಮತ್ತು 16ನೇ ಶತಮಾನಗಳ ಗಾಯನಕೃತಿಗಳ ಇಂದಿನ ಆವೃತ್ತಿಗಳಲ್ಲಿ ಇದಕ್ಕೆ ವಿಶೇಷ ಮಹತ್ವವಿದೆ. ಮೂಲಪ್ರತಿಯಲ್ಲಿ ‘ಲಿಗೇಚರ್’ ಎಂಬ ಸಂಯುಕ್ತ ಚಿಹ್ನೆಯಾಗಿದ್ದ ಸ್ವರಗಳನ್ನು ಇಂದು ಬಿಡಿಬಿಡಿಯಾಗಿ ಮುದ್ರಿಸುತ್ತಾರೆ. ಅವು ಕೂಡಿದ್ದವೆಂಬುದನ್ನು ಓದುಗನಿಗೆ ತಿಳಿಸುವುದು ಆವರಣವೇ. ಲಿಗೇಚರಿನ ಸ್ವರಗಳನ್ನು ಸಾಮಾನ್ಯವಾಗಿ ಒಂದೇ ಅಕ್ಷರಕ್ಕೆ ಹಾಡುವುದು ರೂಢಿ. ಆವರಣವು ಒಂದು ಸ್ವರದಷ್ಟು ಸರಿದರೂ ಸಾಹಿತ್ಯದ ಜೋಡಣೆ ತಪ್ಪೀತು.

ಆದುದರಿಂದ ಗೆರೆಯನ್ನು ಬಿಡಿ ಚಿತ್ರವಾಗಿ ಅಂಟಿಸುವುದು ಸಲ್ಲದು; ಪುಟವಿನ್ಯಾಸ ಬದಲಾದೊಡನೆ ಅದು ಸ್ಥಳ ತಪ್ಪುತ್ತದೆ. ಅದನ್ನು ಸ್ವರಗಳಿಗೇ ಬಂಧಿಸಬೇಕು.

1996ರಲ್ಲಿ ಆರಂಭವಾದ ಲಿಲಿಪಾಂಡ್ ಎಂಬ ಮುಕ್ತ ತಂತ್ರಾಂಶದಲ್ಲಿ ಇದಕ್ಕಾಗಿ ‘ಹಾರಿಜಾಂಟಲ್ ಬ್ರ್ಯಾಕೆಟ್ ಎನ್‌ಗ್ರೇವರ್’ ಘಟಕವನ್ನು ಮೊದಲು ಸೇರಿಸಿಕೊಳ್ಳಬೇಕು. ಗುಚ್ಛದ ಮೊದಲ ಸ್ವರದ ಬಳಿಕ ‘ಸ್ಟಾರ್ಟ್‌ಗ್ರೂಪ್’, ಕೊನೆಯ ಸ್ವರದ ಬಳಿಕ ‘ಸ್ಟಾಪ್‌ಗ್ರೂಪ್’ ಆದೇಶ ನೀಡಬೇಕು. ಆವರಣವು ತಾನಾಗಿ ಸ್ವರಗಳ ಕೆಳಗೆ ಮೂಡುವುದರಿಂದ ಅದರ ದಿಕ್ಕನ್ನು ‘ಅಪ್’ ಎಂದು ಬದಲಿಸಬೇಕು. ಬೇಕಾದ ಪಠ್ಯವನ್ನು ‘ಹಾರಿಜಾಂಟಲ್ ಬ್ರ್ಯಾಕೆಟ್ ಟೆಕ್ಸ್ಟ್’ ಅಂಶದಲ್ಲಿ ಬರೆಯಬೇಕು. ಪಠ್ಯವಿಲ್ಲದ ಲಿಗೇಚರ್ ಆವರಣಕ್ಕೆ ಪ್ರತ್ಯೇಕ ಆದೇಶವಿದೆ.

ಆದೇಶ ಬರೆಯಲು ಇಚ್ಛಿಸದವರು ಮ್ಯೂಸ್‌ಸ್ಕೋರ್ 4ನ್ನು ಬಳಸಬಹುದು. ಸ್ವರಗಳನ್ನು ಆಯ್ದು ‘ಲೈನ್ಸ್’ ಫಲಕದ ಗೆರೆಯೊಂದನ್ನು ಒತ್ತಿದರೆ ಅದು ಅವುಗಳ ಮೇಲೆ ಹರಡುತ್ತದೆ. ತುದಿಯ ಕೊಕ್ಕೆ ಹಾಗೂ ಪಠ್ಯವನ್ನು ‘ಪ್ರಾಪರ್ಟೀಸ್’ ವಿಭಾಗದಲ್ಲಿ ನಿಗದಿಪಡಿಸಬಹುದು.

ಯಾವ ತಂತ್ರಾಂಶವಾದರೂ, ಆವರಣದ ಎರಡೂ ತುದಿಗಳನ್ನು ಮುದ್ರಣಕ್ಕೆ ಮುನ್ನ ಮೂಲಪ್ರತಿಯೊಡನೆ ತಾಳೆ ನೋಡುವುದು ಅವಶ್ಯ.