ಹೊಳಿ ಬರುವ ಮುಂಚಿನ ರಜೆ

ಬೇಸಿಗೆ ರಜೆಗೆ ಎಲ್ಲಿಗೆ ಹೋಗುವುದು ಎಂಬ ಪ್ರಶ್ನೆ ಕೃಷ್ಣಾ ತೀರದ ಮನೆಗಳಲ್ಲಿ ಎರಡು ತಲೆಮಾರಿನ ಹಿಂದೆ ಏಳುತ್ತಲೇ ಇರಲಿಲ್ಲ. ಹೋಗುವುದು ಮುತ್ಯಾನ ಊರಿಗೆ. ಮುತ್ಯಾ ಅಂದರೆ ಹೆಚ್ಚಾಗಿ ಅವ್ವನ ಅಪ್ಪ. ಅವ್ವನಿಗೆ ಅದು ತವರು, ಮಕ್ಕಳಿಗೆ ರಜೆ. ನಿಡಗುಂದಿ, ಆಲಮಟ್ಟಿ, ಕೊಲ್ಹಾರ, ಬೀಳಗಿ ಸೀಮೆಯ ಹೊಳೆಸಾಲಿನ ಊರುಗಳಲ್ಲಿ ಏಪ್ರಿಲ್-ಮೇ ತಿಂಗಳು ಹೀಗೆ ಹೆಣ್ಣುಮಕ್ಕಳಿಂದ ಮತ್ತು ಅವರ ಹಿಂದೆ ಬಂದ ಮೊಮ್ಮಕ್ಕಳಿಂದ ತುಂಬಿಕೊಳ್ಳುತ್ತಿತ್ತು.

ರಜೆಯನ್ನು ಶಾಲೆ ಕೊಟ್ಟಿತು ಎಂದು ನಾವು ಭಾವಿಸುತ್ತೇವೆ. ಈ ಸೀಮೆಯಲ್ಲಿ ಅದನ್ನು ಎರಿ ಭೂಮಿ ಕೊಟ್ಟಿತು ಎನ್ನುವುದು ಹೆಚ್ಚು ಸರಿ. ಇಲ್ಲಿಯ ಮುಖ್ಯ ಬೆಳೆ ಹಿಂಗಾರಿ ಬಿಳಿಜೋಳ. ಯುಗಾದಿ ಹೊತ್ತಿಗೆ ರಾಶಿ ಮುಗಿದು ಕಾಳು ಮನೆ ಸೇರಿರುತ್ತದೆ. ಮುಂದಿನ ಕೆಲಸ ರೋಹಿಣಿ, ಮಿರಗದ ಮಳೆ ಬಿದ್ದ ಮೇಲೆ. ಎತ್ತಿಗೂ ಆಳಿಗೂ ಬಿಡುವಿರುವ ಕಾಲ ಇದೊಂದೇ. ಮದುವೆಗಳು, ಜಾತ್ರೆಗಳು, ತವರಿಗೆ ಹೋಗುವುದು ಎಲ್ಲ ಈ ಬಿಡುವಿನೊಳಗೇ ನಡೆಯಬೇಕಿತ್ತು. ಶಾಲೆಯ ಬೇಸಿಗೆ ರಜೆ ಬಂದು ಕೂತದ್ದು ಮೊದಲೇ ಖಾಲಿಯಿದ್ದ ಈ ಜಾಗದಲ್ಲಿ. ಸೊಸೆಯನ್ನು ಸುಮ್ಮನೆ ತವರಿಗೆ ಕಳಿಸಲು ಒಪ್ಪದ ಅತ್ತೆಯೂ ‘ಹುಡುಗ್ರಿಗೆ ಸೂಟಿ ಐತಿ’ ಎಂದರೆ ಇಲ್ಲವೆನ್ನಲಾರಳು. ಮಕ್ಕಳ ಹೆಸರಿನಲ್ಲಿ ಪಡೆದ ಆ ರಜೆ ನಿಜಕ್ಕೂ ಅವರ ತಾಯಿಯದಾಗಿತ್ತು.

ಹೋಗುವ ದಾರಿಯೂ ಇತಿಹಾಸವೇ. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆಯವರು ಹೋಟಗಿಯಿಂದ ಗದಗಿಗೆ ಹಳಿ ಹಾಕಿದರು. ಆಲಮಟ್ಟಿಯ ಹತ್ತಿರ ಕೃಷ್ಣೆಗೆ ಸೇತುವೆ ಬಂತು. ಅದೇ ದಶಕದ 1885ರಲ್ಲಿ ಜಿಲ್ಲಾ ಕೇಂದ್ರ ಕಲಾದಗಿಯಿಂದ ವಿಜಾಪುರಕ್ಕೆ ಹೋಯಿತು. ಸಣ್ಣ ಹಳಿಯ ಆ ರೈಲಿನಲ್ಲಿ ಸೊಲ್ಲಾಪುರದ ಗಿರಣಿಗಳಿಗೆ ದುಡಿಯಲು ಹೋದ ಕುಟುಂಬಗಳು ಬೇಸಿಗೆಗೆ ಊರಿಗೆ ಮರಳುತ್ತಿದ್ದವು. ನಿಲ್ದಾಣದಿಂದ ಮುಂದೆ ಚಕ್ಕಡಿ, ಅದರಾಚೆ ಹೊಳೆ.

ಬೇಸಿಗೆಯ ಕೃಷ್ಣೆ ಅಂದರೆ ಹೆಚ್ಚಿನ ಪಾಲು ಉಸುಕು. ನೀರು ಒಂದು ಮಗ್ಗುಲಿಗೆ ಸರಿದು, ಪಾತ್ರದ ನಡುವೆ ದಿನ್ನೆಗಳು ಎದ್ದು ನಿಲ್ಲುತ್ತಿದ್ದವು. ಅವುಗಳಿಗೆ ನಮ್ಮ ಕಡೆಯ ಮಾತು ನಡುಗಡ್ಡಿ. ಉಸುಕಿನಲ್ಲಿ ಕಲ್ಲಂಗಡಿ, ಸೌತೆ ಬೆಳೆಯುವವರ ಗುಡಿಸಲುಗಳು ಅಲ್ಲಿರುತ್ತಿದ್ದವು. ಮೊಣಕಾಲುದ್ದದ ನೀರು ದಾಟಿದರೆ ಮಕ್ಕಳಿಗೆ ಸ್ವಂತದ್ದೊಂದು ದ್ವೀಪ ಸಿಕ್ಕಂತೆ. ಆದರೆ ಅದರ ಆಯುಸ್ಸು ಎಲ್ಲರಿಗೂ ಗೊತ್ತಿತ್ತು. ಮೇ ಮುಗಿಯುತ್ತಿದ್ದಂತೆ ದೊಡ್ಡವರು ಪಶ್ಚಿಮದ ಕಡೆ ನೋಡತೊಡಗುತ್ತಿದ್ದರು. ಕೃಷ್ಣೆಯ ಸ್ವಭಾವವೇ ಹಾಗೆ. ಇಲ್ಲಿ ಮಳೆ ಬಿದ್ದೇ ಅದು ತುಂಬಬೇಕೆಂದಿಲ್ಲ. ಮಹಾಬಳೇಶ್ವರದಲ್ಲಿ, ಕೊಯ್ನಾ ಕೊಳ್ಳದಲ್ಲಿ ಬಿದ್ದ ಮಳೆ ನೂರಾರು ಕಿಲೋಮೀಟರ್ ಹರಿದು, ಬಿಸಿಲಲ್ಲಿ ಒಣಗುತ್ತಿರುವ ಈ ಊರುಗಳ ಮುಂದೆ ಒಂದು ಬೆಳಗು ಕೆಂಪಾಗಿ ನಿಂತಿರುತ್ತದೆ. ಅದನ್ನು ‘ಹೊಳಿ ಬಂತು’ ಎನ್ನುತ್ತಾರೆ. ಇಡೀ ವರ್ಷ ಅಲ್ಲೇ ಇರುವ ಹೊಳೆ ‘ಬರುವುದು’ ಹೇಗೆ ಎಂದು ಬೇರೆ ಕಡೆಯವರು ಕೇಳಬಹುದು, ಇಲ್ಲಿಯವರು ಕೇಳುವುದಿಲ್ಲ. ರಜೆಯ ಕೊನೆಯ ದಿನಗಳೆಂದರೆ ಶಾಲೆ ಶುರುವಾಗುವ ಮುಂಚಿನ ದಿನಗಳು, ಹೊಳಿ ಬರುವ ಮುಂಚಿನ ದಿನಗಳೂ ಹೌದು. ಇನ್ನೊಂದು ವರ್ಷ ನಡುಗಡ್ಡಿ ಇಲ್ಲ.

1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಅಣೆಕಟ್ಟಿಗೆ ಅಡಿಗಲ್ಲು ಹಾಕಿದರು. ಅದೂ ಬೇಸಿಗೆ ರಜೆಯ ಕಾಲವೇ. ಹದಿನೆಂಟು ದಿನಗಳ ನಂತರ ಅವರು ಪ್ರಧಾನಿಯಾದರು. ಅಡಿಗಲ್ಲು ಮಾತ್ರ ದಶಕಗಳ ಕಾಲ ಅಡಿಗಲ್ಲಾಗಿಯೇ ಉಳಿದಂತಿತ್ತು. ಕೆಳಗಿನ ನಾರಾಯಣಪುರದ ಬಸವಸಾಗರ ಮೊದಲು ಮುಗಿಯಿತು. 1994ರಲ್ಲಿ ಕೃಷ್ಣಾ ಭಾಗ್ಯ ಜಲ ನಿಗಮ ಸ್ಥಾಪನೆಯಾದ ಮೇಲೆ ಆಲಮಟ್ಟಿಯ ಕೆಲಸಕ್ಕೆ ವೇಗ ಬಂತು. ಎತ್ತರದ ಬಗ್ಗೆ ಆಂಧ್ರಪ್ರದೇಶದೊಂದಿಗೆ ನಡೆದ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟ್ 2000ದ ಏಪ್ರಿಲ್ 25ರಂದು 519.6 ಮೀಟರ್‌ವರೆಗೆ ನೀರು ನಿಲ್ಲಿಸಲು ಒಪ್ಪಿತು. 2006ರ ಆಗಸ್ಟ್ 21ರಂದು ರಾಷ್ಟ್ರಪತಿ ಅಬ್ದುಲ್ ಕಲಾಂ ಜಲಾಶಯವನ್ನು ಲೋಕಾರ್ಪಣೆ ಮಾಡಿದರು. 123 ಟಿಎಂಸಿ ನೀರು, 26 ಗೇಟು, 290 ಮೆಗಾವಾಟ್ ವಿದ್ಯುತ್ತು. ಈ ಅಂಕಿಗಳನ್ನು ನಮ್ಮ ಕಡೆಯ ಶಾಲಾ ಮಕ್ಕಳು ಬಾಯಿಪಾಠ ಮಾಡಿದ್ದಾರೆ.

ಮುಳುಗಿದವುಗಳ ಲೆಕ್ಕ ಯಾರೂ ಬಾಯಿಪಾಠ ಮಾಡಿಸುವುದಿಲ್ಲ. ಬಾಗಲಕೋಟೆಯ ಹಳೆ ಊರಿನ ಒಂದು ಭಾಗ ಹೋಯಿತು. ಚಾರ್ಲ್ಸ್ ಕೊರಿಯಾ ಯೋಜನೆ ಹಾಕಿದ ನವನಗರ ಸೆಕ್ಟರುಗಳ ಲೆಕ್ಕದಲ್ಲಿ ಎದ್ದಿತು. ಮಡಕೆ ಮೊಸರಿಗೆ ಹೆಸರಾದ ಕೊಲ್ಹಾರ ಎತ್ತರದ ಜಾಗಕ್ಕೆ ಸರಿಯಿತು. ಮೊಸರು ಉಳಿಯಿತು, ಹಳೆಯ ಓಣಿ ಉಳಿಯಲಿಲ್ಲ. ಘಟಪ್ರಭೆ ಕೃಷ್ಣೆಗೆ ಸೇರುವ ಚಿಕ್ಕಸಂಗಮ ಹಿನ್ನೀರಿನ ಹರವಿಗೆ ಸೇರಿತು. ಹೊಳೆಸಾಲಿನ ಹಳ್ಳಿಗಳು ಪುನರ್ವಸತಿ ಕೇಂದ್ರಗಳಾದವು. ಅಲ್ಲಿ ರಸ್ತೆ ನೇರ, ನಿವೇಶನ ಚೌಕ. ಹೊಳೆ ಕಾಣುವುದಿಲ್ಲ.

ಪರಿಹಾರದ ಕಡತಗಳಲ್ಲಿ ಮನೆಗೆ ಬೆಲೆಯಿತ್ತು, ಹೊಲಕ್ಕೆ ಬೆಲೆಯಿತ್ತು, ಬಾವಿಗೆ, ಗಿಡಕ್ಕೆ ಬೆಲೆಯಿತ್ತು. ತವರಿಗೆ ಕಾಲಂ ಇರಲಿಲ್ಲ. ಇದು ಭಾವುಕತೆಯ ಮಾತಲ್ಲ, ಕಾನೂನಿನ ಮಾತು. ಕರ್ನಾಟಕ 1994ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಿದ್ದುಪಡಿ ತಂದು, ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು ಕೊಟ್ಟಿತು. ಆದರೆ ಅದಕ್ಕೂ ಮುಂಚೆ ಮದುವೆಯಾದವರನ್ನು ಹೊರಗಿಟ್ಟಿತು. ಆ ಅಡ್ಡಿ ಹೋಗಲು 2005ರ ಕೇಂದ್ರ ತಿದ್ದುಪಡಿಯೇ ಬರಬೇಕಾಯಿತು. ಕೃಷ್ಣೆಯ ನೀರು ಏರುತ್ತಿದ್ದುದು ಈ ಎರಡು ವರ್ಷಗಳ ನಡುವೆ. ಮಕ್ಕಳನ್ನು ಕಟ್ಟಿಕೊಂಡು ಪ್ರತಿ ಮೇ ತಿಂಗಳು ಹೊಳೆಸಾಲಿಗೆ ಬರುತ್ತಿದ್ದ ಹೆಣ್ಣುಮಕ್ಕಳಲ್ಲಿ ಹೆಚ್ಚಿನವರು 1994ಕ್ಕೆ ಮುಂಚೆಯೇ ಮದುವೆಯಾಗಿ ಹೋದವರು. ಅವರ ಪಾಲಿಗೆ ಆ ಊರಿನಲ್ಲಿದ್ದದ್ದು ಬೇಸಿಗೆಯ ಒಂದೂವರೆ ತಿಂಗಳ ಹಕ್ಕು ಮಾತ್ರ. ಯಾವ ನೋಟೀಸೂ ಇಲ್ಲದೆ ಅದು ಮುಳುಗಿತು. ಅಣ್ಣತಮ್ಮಂದಿರು ಪರಿಹಾರದ ಹಣ ಹಂಚಿಕೊಂಡು ಬೇರೆ ಬೇರೆ ಕಡೆ ಮನೆ ಮಾಡಿದ ಮೇಲೆ ತವರು ಯಾವ ಮನೆ ಎಂಬುದೇ ಪ್ರಶ್ನೆಯಾಯಿತು.

ಕನ್ನಡ ಓದುಗರಿಗೆ ‘ದ್ವೀಪ’ ಎಂದೊಡನೆ ನೆನಪಾಗುವುದು ರಜೆಯ ಕಡಲತೀರವಲ್ಲ, ನಾ. ಡಿಸೋಜ ಅವರ ಕಾದಂಬರಿ. ಏರುವ ನೀರಿನ ನಡುವೆ ಮನೆ ಬಿಡದೆ ಉಳಿದ ಕುಟುಂಬದ ಕಥೆ ಅದು. ಗಿರೀಶ ಕಾಸರವಳ್ಳಿಯವರು 2002ರಲ್ಲಿ ಅದನ್ನು ಸಿನಿಮಾ ಮಾಡಿದರು. ಶರಾವತಿಗೆ ಲಿಂಗನಮಕ್ಕಿ ಕಟ್ಟಿದ ಮೇಲೆ ದ್ವೀಪದಂತಾದ ತುಮರಿ, ಸಿಗಂದೂರಿನ ಸೀಮೆಗೆ ಜನ ಲಾಂಚಿನಲ್ಲೇ ಓಡಾಡಿದರು. ಸೇತುವೆ ತೆರೆದದ್ದು 2025ರ ಜುಲೈಯಲ್ಲಿ. ಅಲ್ಲಿಯವರೆಗೆ ಮಕ್ಕಳನ್ನು ಕರೆದುಕೊಂಡು ಪ್ರವಾಸ ಹೋಗುತ್ತಿದ್ದವರು ಲಾಂಚು ಹತ್ತಿದ ಖುಷಿಯನ್ನು ಹೇಳಿಕೊಳ್ಳುತ್ತಿದ್ದರು. ಅರವತ್ತು ವರ್ಷ ಆಸ್ಪತ್ರೆಗೂ ಅದೇ ಲಾಂಚು ಕಾದವರ ನೆನಪು ಬೇರೆ. ಮಲೆನಾಡಿನ ಮುಳುಗಡೆಗೆ ಸಿಕ್ಕಷ್ಟು ಕಾದಂಬರಿ, ಸಿನಿಮಾ ಬಯಲುಸೀಮೆಯ ಮುಳುಗಡೆಗೆ ಸಿಗಲಿಲ್ಲ ಎಂಬುದು ನನ್ನ ಅನಿಸಿಕೆ. ಕಾಡು ಮುಳುಗಿದರೆ ಕಣ್ಣಿಗೆ ಕಟ್ಟುತ್ತದೆ. ಎರಿ ಹೊಲ ಮುಳುಗಿದರೆ ಮೇಲೆ ನೀರು, ಕೆಳಗೂ ಸಪಾಟು, ಚಿತ್ರಕ್ಕೆ ಏನೂ ಸಿಗುವುದಿಲ್ಲ.

ಹಾಗೆಂದು ಮಕ್ಕಳ ರಜೆ ನಿಲ್ಲಲಿಲ್ಲ, ಅದರ ದಾರಿ ಬದಲಾಯಿತು. ಈಗ ಮೇ ಕೊನೆಯ ವಾರ ಆಲಮಟ್ಟಿಗೆ ಬಂದು ನೋಡಿ. ರಾಕ್ ಗಾರ್ಡನ್ನಿನ ಮುಂದೆ ಟಂಟಂ, ಕ್ರೂಸರ್‌ಗಳ ಸಾಲು. ಬುತ್ತಿ ಗಂಟಿನಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಮೊಸರು. ಕತ್ತಲಾದ ಮೇಲೆ ಸಂಗೀತ ಕಾರಂಜಿ. ಮರುದಿನ ಯಲಗೂರ ಹಣಮಪ್ಪ. ಏಳು ಊರಿಗೆ ಒಡೆಯನಾದ್ದರಿಂದ ಯಲಗೂರೇಶ ಎಂದು ಜನ ಆ ಹೆಸರನ್ನು ಬಿಡಿಸುತ್ತಾರೆ. ಆಮೇಲೆ ಕೂಡಲಸಂಗಮ. ಬೇಸಿಗೆಯಲ್ಲಿ ನೀರು ಇಳಿದಾಗ ಅಣೆಕಟ್ಟಿನ ಹಿಂದೆ ದಿನ್ನೆಗಳು ಒಂದೊಂದಾಗಿ ಮೇಲೇಳುತ್ತವೆ. ತುಂಬಿದಾಗ ದ್ವೀಪವಾಗಿದ್ದದ್ದು ಇಳಿದಾಗ ಗುಡ್ಡ, ಇಳಿದಾಗ ದ್ವೀಪವಾಗಿದ್ದದ್ದು ಕೊನೆಗೆ ನೆಲ. ಕೆಲವು ಕಡೆ ಹಳೆಯ ರಸ್ತೆಯ ತುಂಡು, ಗೋಡೆಯ ಬುನಾದಿ ಕಾಣಿಸಿಕೊಳ್ಳುತ್ತವೆ. ಹಿರಿಯ ಹೆಂಗಸರು ಅತ್ತ ಬೆರಳು ಮಾಡಿ ಏನೋ ತೋರಿಸುವುದನ್ನೂ, ಮಕ್ಕಳು ಐಸ್‌ಕ್ರೀಮಿನ ಗಾಡಿಯತ್ತ ನೋಡುತ್ತಿರುವುದನ್ನೂ ಅಲ್ಲಿ ಯಾರು ಬೇಕಾದರೂ ಕಾಣಬಹುದು. ಮಕ್ಕಳ ತಪ್ಪೇನಿಲ್ಲ. ನೀರಿನಡಿ ಇರುವ ಊರನ್ನು ಅಜ್ಜಿಯ ಊರೆಂದು ನಂಬುವುದು ಏಳು ವರ್ಷದವರಿಗೆ ಕಷ್ಟವೇ.

ಕೂಡಲಸಂಗಮದಲ್ಲಿ ಮಾತ್ರ ಮಕ್ಕಳು ಮೌನವಾಗುತ್ತಾರೆ. ನಾರಾಯಣಪುರದ ಹಿನ್ನೀರು ಬಂದಾಗ, ಕೃಷ್ಣೆ ಮಲಪ್ರಭೆ ಕೂಡುವ ಜಾಗದಲ್ಲಿದ್ದ ಬಸವಣ್ಣನವರ ಐಕ್ಯಮಂಟಪ ಮುಳುಗಬೇಕಿತ್ತು. ಎಂಜಿನಿಯರುಗಳು ಅದನ್ನು ಎತ್ತಿ ಬೇರೆಡೆ ಇಡಲಿಲ್ಲ. ಸುತ್ತ ದುಂಡಗೆ ದೊಡ್ಡ ಬಾವಿಯಂಥ ಗೋಡೆ ಕಟ್ಟಿ, ದಡದಿಂದ ಸೇತುವೆ ಹಾಕಿದರು. ಸೇತುವೆ ದಾಟಿ, ಮೆಟ್ಟಿಲಿಳಿದು ತಳಕ್ಕೆ ಹೋಗಬೇಕು. ಇದು ತಿರುವು ಮುರುವಾದ ದ್ವೀಪ. ಎಲ್ಲ ದ್ವೀಪಗಳಲ್ಲಿ ನೆಲ ನೀರಿಗಿಂತ ಮೇಲಿದ್ದರೆ ಇಲ್ಲಿ ಸುತ್ತಲಿನ ತುಂಬು ನೀರಿಗಿಂತ ಕೆಳಗಿದೆ. ಬಾಗೇವಾಡಿಯ ಮನೆ ಬಿಟ್ಟು ಹೊಳೆ ದಾಟಿ ಸಂಗಮಕ್ಕೆ ಬಂದು ನಿಂತ ಬಾಲಕನ ಕಥೆಯನ್ನು ಅಪ್ಪಂದಿರು ಹೇಳುವುದು ಈ ಮೆಟ್ಟಿಲುಗಳ ಮೇಲೆ. ಒಂದು ಮಂಟಪ ಉಳಿಯಬೇಕೆಂದು ನಾಡು ಒಮ್ಮನಸ್ಸಿನಿಂದ ಬಯಸಿದರೆ ಹೊಳೆಯ ನಡುವೆಯೂ ಉಳಿಸಬಹುದು ಎಂಬುದಕ್ಕೆ ಇದು ಸಾಕ್ಷಿ. ಅಷ್ಟು ಬಯಸುವವರು ಸಾಮಾನ್ಯ ಊರುಗಳಿಗೆ ಇರಲಿಲ್ಲ.

ಕೆಳಗೆ ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನಲ್ಲಿ ನಿಜವಾದ ನಡುಗಡ್ಡೆಗಳಲ್ಲಿ ಇನ್ನೂ ಜನ ವಾಸವಿದ್ದಾರೆ. ಜಲದುರ್ಗದ ಕೋಟೆ, ಕಡದರಗಡ್ಡಿ ಇರುವ ಸೀಮೆ ಅದು. ನಾರಾಯಣಪುರದಿಂದ ಹೆಚ್ಚು ನೀರು ಬಿಟ್ಟರೆ ಶೀಲಹಳ್ಳಿಯ ಸೇತುವೆ ಮುಳುಗುತ್ತದೆ, ಸಂಪರ್ಕ ಕಡಿಯುತ್ತದೆ. 2009ರಲ್ಲಿ, 2019ರಲ್ಲಿ ಕೃಷ್ಣಾ ಕೊಳ್ಳ ಎಂಥ ನೆರೆ ಕಂಡಿತೆಂಬುದು ಓದುಗರಿಗೆ ನೆನಪಿರಬಹುದು. ಅಂಥ ಕಡೆಯ ಮಕ್ಕಳಿಗೆ ರಜೆಯ ಲೆಕ್ಕವೇ ಬೇರೆ. ಹೊಳಿ ಬಂದರೆ ಶಾಲೆ ಬಂದ್.

ಆಲಮಟ್ಟಿಯ ಕಥೆಯೂ ಮುಗಿದಿಲ್ಲ. 2010ರ ಡಿಸೆಂಬರಿನಲ್ಲಿ ಬ್ರಿಜೇಶ್ ಕುಮಾರ್ ನ್ಯಾಯಾಧಿಕರಣ ನೀರಿನ ಮಟ್ಟವನ್ನು 524.256 ಮೀಟರಿಗೆ ಏರಿಸಲು ಒಪ್ಪಿತು. ಸುಪ್ರೀಂ ಕೋರ್ಟಿನಲ್ಲಿ ವ್ಯಾಜ್ಯವಿರುವುದರಿಂದ ಅಧಿಸೂಚನೆ ಹೊರಬೀಳದೆ ನಿಂತಿತು. ಏರುವುದು 4.656 ಮೀಟರ್, ಅಂದರೆ 15 ಅಡಿ. ಬಯಲಿನಲ್ಲಿ 15 ಅಡಿ ನೀರೆಂದರೆ 75,000 ಎಕರೆ ಮುಳುಗಡೆ, 20 ಹಳ್ಳಿ. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸಂಪುಟ ಎಕರೆಗೆ ನೀರಾವರಿ ಜಮೀನಿಗೆ 40 ಲಕ್ಷ, ಒಣ ಬೇಸಾಯದ ಜಮೀನಿಗೆ 30 ಲಕ್ಷ ರೂಪಾಯಿ ಎಂದು ನಿಗದಿಪಡಿಸಿತು. ಈ ಸಲ ಹೆಣ್ಣುಮಕ್ಕಳಿಗೂ ಕಾನೂನಿನ ಪಾಲಿದೆ. ವಾಟ್ನಿಗೆ ಸಹಿ ಹಾಕಿಸಿಕೊಳ್ಳಲು ಅಣ್ಣತಮ್ಮಂದಿರು ಈಗ ತಂಗಿಯ ಮನೆಗೆ ಹೋಗಬೇಕು.

ಆ ಇಪ್ಪತ್ತು ಹಳ್ಳಿಗಳಲ್ಲಿ ಮೊಮ್ಮಕ್ಕಳು ಇವತ್ತಿಗೂ ಏಪ್ರಿಲ್‌ನಲ್ಲಿ ಬಂದಿಳಿಯುತ್ತಾರೆ. ರೋಹಿಣಿ ಮಳೆ ಹುಟ್ಟುವ ಹೊತ್ತಿಗೆ ಆಯಿ ಶೇಂಗಾ ಹೋಳಿಗೆ ಕಟ್ಟಿ ಬಸ್ಸಿಗೆ ಹತ್ತಿಸುತ್ತಾಳೆ, ‘ದಸರಾ ಸೂಟಿಗೆ ಬರ್ರಿ’ ಎನ್ನುತ್ತಾಳೆ. ದಸರೆ ಹೊತ್ತಿಗೆ ಹಿನ್ನೀರು ಊರ ಅಂಚಿನ ಹೊಲದ ಬದುವಿಗೆ ಬಂದು ನಿಂತಿರುತ್ತದೆ.